ದರೆಯ ತಿರುವಿಗೆ ಎಂಥ ಕಾರು

ನಮ್ಮ ಕಡೆ ಹೊಸ ಗಾಡಿ ಕೊಳ್ಳುವ ಮಾತು ಶುರುವಾಗುವ ಮೊದಲೇ ತೀರ್ಮಾನ ಮುಗಿದಿರುತ್ತದೆ. ಸಾಗರವಿರಲಿ, ಹೊಸನಗರವಿರಲಿ, ತೀರ್ಥಹಳ್ಳಿಯಿರಲಿ, ‘ಮಲೆನಾಡಿನ ರಸ್ತೆಗೆ ಎತ್ತರದ ಗಾಡಿಯೇ ಆಗಬೇಕು’ ಎನ್ನುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಸಣ್ಣ ಕಾರು ಪೇಟೆಯವರಿಗೆ. ಅದೇ ಸಣ್ಣ ಕಾರಿಗೆ ಶಕ್ತಿ ಹೆಚ್ಚಿನ ಇಂಜಿನ್ ಕೂರಿಸಿ, ಸಸ್ಪೆನ್ಷನ್ ಬಿಗಿ ಮಾಡಿ ‘ಸ್ಪೋರ್ಟಿ’ ಅಂದರೆ ಅದು ಬೆಂಗಳೂರಿನ ಹುಡುಗರ ಶೋಕಿಗೆ. ಕಳೆದ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಹೊಸನಗರದ ಹತ್ತಿರ ಇರುವ ನನ್ನ ಭಾವ, ಹಳೆಯ ಜೀಪು ಕೊಟ್ಟುಬಿಡುವ ಯೋಚನೆಯಲ್ಲಿದ್ದವರು, ‘ಎಂಥದು ತಗೊಳ್ಳೋದು ಹೇಳು ಮಾರಾಯ’ ಎಂದು ಕೇಳಿದರು. ಸಣ್ಣ ಟರ್ಬೊ ಪೆಟ್ರೋಲ್ ಕಾರು ನೋಡಿ ಭಾವ, ಎಂದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರೆಲ್ಲ ಒಮ್ಮೆ ತಲೆ ಎತ್ತಿ ನೋಡಿದರು. ಭಾವ ಹಿರಿಯರು, ಗದರಲಿಲ್ಲ. ‘ನಿನಗೆ ಓಡಿಸುವ ಹುಚ್ಚು, ಅದಕ್ಕೆ ಹಾಗನ್ನುತ್ತೀಯ’ ಎಂದಷ್ಟೇ ಅಂದರು.

ಓಡಿಸುವ ಹುಚ್ಚು ಇದೆ, ಒಪ್ಪಿದೆ. ಆದರೆ ನಾನು ಹಾಗೆ ಹೇಳಿದ್ದು ಅದರಿಂದಲ್ಲ. ಹತ್ತು ವರ್ಷದಿಂದ ಅಂಥದೊಂದು ಕಾರನ್ನು ಲಿಂಗನಮಕ್ಕಿ ಹಿನ್ನೀರಿನ ಸುತ್ತ, ಬೇಸಗೆಯ ಧೂಳಿನಲ್ಲೂ ಆಶ್ಲೇಷ ಮಳೆಯಲ್ಲೂ ಓಡಿಸಿದ್ದೇನೆ. ಈ ರಸ್ತೆಗಳು ಗಾಡಿಯಿಂದ ನಿಜವಾಗಿ ಕೇಳುವುದೇನು ಎನ್ನುವುದರ ಬಗ್ಗೆ ನನ್ನ ಅನುಭವ ಊರಿನ ಮಾತಿಗೆ ಹೊಂದುತ್ತಿಲ್ಲ. ಅದನ್ನು ಭಾವನ ಮುಂದೆ ಆ ದಿನ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು, ಸ್ಪೋರ್ಟಿ ಕಾರಿನ ಅಭಿಮಾನಿಗಳ ಜೊತೆಗೇ ನನ್ನ ಜಗಳ. ಅವರು ಗಾಡಿ ಅಳೆಯುವುದು ಸೊನ್ನೆಯಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಎನ್ನುವ ಲೆಕ್ಕದಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆಗೆ, ಹೊಸನಗರದಿಂದ ನಗರಕ್ಕೆ, ನಿಟ್ಟೂರಿನಿಂದ ಕೊಲ್ಲೂರಿಗೆ ಹೋಗುವವನಿಗೆ ಆ ನೂರು ಎಲ್ಲಿ ಸಿಗುತ್ತದೆ? ಸಿಗಬೇಕಾದರೂ ಏಕೆ? ನಮ್ಮ ಸೀಮೆಯಲ್ಲಿ ಉದ್ದಕ್ಕೂ ಕಣ್ಣು ಹಾಯುವ ದಾರಿ ಅಂತ ಹುಟ್ಟಿದ್ದೇ ಮೊನ್ನೆ ಮೊನ್ನೆ, 2025ರ ಜುಲೈ 14ರಂದು. ಅಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್. ಕರೂರು ಹೋಬಳಿಯ ಜನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚಿಗಾಗಿ ದಡದಲ್ಲಿ ಕಾದು ಕಾದು ಪಡೆದ ಸೇತುವೆ ಅದು. ಈಗ ಕೆಲವರು ಅದರ ಮೇಲೆ ತಮ್ಮ ಗಾಡಿಯ ಶಕ್ತಿ ಪರೀಕ್ಷೆ ಮಾಡುವುದನ್ನು ಕಂಡಿದ್ದೇನೆ, ಬೇಸರವಾಗಿದೆ. ಗಂಟೆಗೆ 40ರಲ್ಲಿ ಹೋದರೆ ಸೇತುವೆ ದಾಟಲು 3 ನಿಮಿಷ 40 ಸೆಕೆಂಡು. 120ರಲ್ಲಿ ಹೋದರೆ 73 ಸೆಕೆಂಡು. ಉಳಿಯುವುದು ಎರಡೂವರೆ ನಿಮಿಷವೂ ಅಲ್ಲ. ಕೊನೆಯ ಲಾಂಚು ತಪ್ಪಿದರೆ ರಾತ್ರಿ ರೋಗಿಯನ್ನು ಸುತ್ತುಬಳಸಿ ಸಾಗಿಸಬೇಕಾಗಿದ್ದ ತುಮರಿ ಕಡೆಯವರಿಗೆ ಈ ಸೇತುವೆ ಉಳಿಸಿಕೊಟ್ಟ ಸಮಯದ ಮುಂದೆ ಆ ಎರಡೂವರೆ ನಿಮಿಷ ಏನೂ ಅಲ್ಲ.

ಹಾಗಾದರೆ ನಮ್ಮಲ್ಲಿ ಗಾಡಿಯ ಸಾಮರ್ಥ್ಯವನ್ನು ಎಲ್ಲಿ ನೋಡಬೇಕು? ಗಂಟೆಗೆ 20ರಿಂದ 60ರ ಒಳಗೆ. ತಿರುವಿನಲ್ಲಿ, ಏರಿನಲ್ಲಿ, ಇಳಿತದಲ್ಲಿ, ಒದ್ದೆ ರಸ್ತೆಯಲ್ಲಿ.

ಒಂದು ತಿರುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಬದಿಗೆ ಜಂಬಿಟ್ಟಿಗೆಯ ದರೆ, ಎರಡಾಳು ಎತ್ತರ, ಮೇಲಿಂದ ಜಿಗ್ಗು ಜೋತುಬಿದ್ದಿದೆ. ಇನ್ನೊಂದು ಬದಿಗೆ ಚರಂಡಿ, ಅದರಾಚೆ ತೋಟದ ಅಗಳ. ನಡುವೆ ಟಾರು ರಸ್ತೆ, ಒಂದೇ ಗಾಡಿಯ ಅಗಲದ್ದು. ಎಂಜಿನಿಯರುಗಳ ಲೆಕ್ಕದಲ್ಲಿ ಒಂಟಿ ಪಥ ಎಂದರೆ 3.75 ಮೀಟರ್. ಎದುರಿನಿಂದ ಹಾರನ್ ಕೇಳಿಸುತ್ತದೆ, ಗಾಡಿ ಕಾಣಿಸುವುದಿಲ್ಲ. ಮರುಕ್ಷಣ ಬಸ್ಸಿನ ಮುಖ. ಬಸ್ಸಿನ ಅಗಲ 2.6 ಮೀಟರ್ ಹತ್ತಿರ. ಸ್ವಿಫ್ಟ್ ಥರದ ಕಾರಿನ ಅಗಲ 1.735 ಮೀಟರ್, ಸ್ಕಾರ್ಪಿಯೊ ಎನ್‌ನದು 1.917. ಎರಡರ ನಡುವಿನ ವ್ಯತ್ಯಾಸ ಒಂದು ಗೇಣಿಗಿಂತ ಕಡಿಮೆ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಮಳೆಗಾಲದಲ್ಲಿ ಟಾರಿನ ಅಂಚು ಕೊರೆದುಹೋಗಿ, ಚರಂಡಿಯ ಬಾಯಿ ಹುಲ್ಲಿನಲ್ಲಿ ಮುಚ್ಚಿಹೋಗಿರುವಾಗ ಎಡಗಡೆಯ ಚಕ್ರ ಗಟ್ಟಿ ನೆಲದ ಮೇಲಿದೆಯೋ ಜಾರುವ ಕೆಸರಿನ ಮೇಲಿದೆಯೋ ಎನ್ನುವುದು ಆ ಗೇಣಿನೊಳಗೇ ತೀರ್ಮಾನವಾಗುತ್ತದೆ. ಎರಡು ಸಣ್ಣ ಕಾರುಗಳು ಕನ್ನಡಿ ಮಡಚಿಕೊಂಡು, ಟಾರು ಬಿಡದೆ, ಆ ಒಂಟಿ ಪಥದಲ್ಲಿ ಉಸಿರು ಹಿಡಿದು ದಾಟಬಹುದು. ಎರಡು ದೊಡ್ಡ ಗಾಡಿಗಳಿಗೆ ಅದು ಲೆಕ್ಕದಲ್ಲೇ ಸಾಧ್ಯವಿಲ್ಲ. ಒಂದು ಇಳಿಯಲೇಬೇಕು ಅಥವಾ ಹಿಂದಕ್ಕೆ ಹೋಗಲೇಬೇಕು.

‘ಎತ್ತರದಲ್ಲಿ ಕೂತರೆ ಮುಂದಿನದು ಚೆನ್ನಾಗಿ ಕಾಣುತ್ತದೆ’ ಎನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಬಯಲುಸೀಮೆಯಲ್ಲಿ ಅದು ನಿಜ. ರಾಣೆಬೆನ್ನೂರಿನ ಕಡೆ ಮೆಕ್ಕೆಜೋಳದ ಹೊಲದ ಮೇಲಿಂದ ಮುಂದಿನ ಊರೇ ಕಾಣುತ್ತದೆ. ದರೆಯ ತಿರುವಿನಲ್ಲಿ ಒಂದಡಿ ಎತ್ತರ ಕೂತರೇನು, ಎರಡಡಿ ಎತ್ತರ ಕೂತರೇನು, ಹತ್ತು ಹನ್ನೆರಡು ಅಡಿಯ ದರೆಯ ಆಚೆ ಕಾಣಿಸುವುದಿಲ್ಲ. ಅಲ್ಲಿ ಕಾಯುವುದು ಕಣ್ಣಲ್ಲ. ಕಂಡ ಕೂಡಲೇ ಗಾಡಿ ನಿಲ್ಲುತ್ತದೆಯೇ, ಸ್ಟೀರಿಂಗ್ ತಿರುಗಿಸಿದ ಕಡೆಗೆ ಹೊರಳುತ್ತದೆಯೇ ಎನ್ನುವುದು. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವಳೂ ಸೊಂಟಕ್ಕೆ ಇಟ್ಟವಳೂ ಬಾವಿಕಟ್ಟೆಯಿಂದ ಒಟ್ಟಿಗೆ ಹೊರಟರೂ ಜಾರುವ ಮೆಟ್ಟಿಲಲ್ಲಿ ಫಕ್ಕನೆ ಪಕ್ಕಕ್ಕೆ ಸರಿಯಬೇಕಾದಾಗ ಯಾರು ಸುಲಭವಾಗಿ ಸರಿಯುತ್ತಾರೆ? ಭಾರ ಕೆಳಗಿದ್ದಷ್ಟೂ ಗಾಡಿ ವಾಲುವುದು ಕಡಿಮೆ, ನಾಲ್ಕೂ ಟಯರು ನೆಲ ಹಿಡಿಯುವುದು ಹೆಚ್ಚು. ಸ್ಪೋರ್ಟಿ ಎನ್ನುವ ಕಾರಿನ ಬಿಗಿ ಸಸ್ಪೆನ್ಷನ್‌ನ ಕೆಲಸ ಅದೇ. ರೇಸ್ ಓಡುವವನಿಗೆ ಅದು ಸೆಕೆಂಡು ಉಳಿಸುತ್ತದೆ. ನಮಗೆ, ಬಸ್ಸಿನ ಎದುರು ಎಡಕ್ಕೆ ಎಳೆದು ಮತ್ತೆ ಬಲಕ್ಕೆ ತರುವ ಆ ಒಂದು ಗಳಿಗೆಯಲ್ಲಿ ಗಾಡಿಯನ್ನು ಕೈಯಲ್ಲಿ ಉಳಿಸುತ್ತದೆ.

ಬ್ರೇಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ನನಗೂ ಇತ್ತು. ತೂಕ ಕಡಿಮೆಯಾದರೆ ಬೇಗ ನಿಲ್ಲುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಟಯರಿನ ಹಿಡಿತ ಒಂದೇ ಇದ್ದರೆ, ಬ್ರೇಕು ಗಾಡಿಗೆ ತಕ್ಕದಿದ್ದರೆ, ಒಂದು ಟನ್ನಿನದೂ ಎರಡು ಟನ್ನಿನದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನಿಲ್ಲುತ್ತವೆ. 50ರ ವೇಗದಲ್ಲಿ ಒದ್ದೆ ಟಾರಿನ ಮೇಲೆ ಬ್ರೇಕ್ ಒತ್ತಿದಲ್ಲಿಂದ ಸುಮಾರು 25 ಮೀಟರ್. ಪಾಚಿ ಕಟ್ಟಿದ ನೆರಳಿನ ರಸ್ತೆಯಾದರೆ 40ರ ಹತ್ತಿರ. ವ್ಯತ್ಯಾಸ ಬರುವುದು ಘಾಟಿಯ ಇಳಿತದಲ್ಲಿ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವುಗಳಲ್ಲಿ ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರ ಇಳಿಯುತ್ತೇವೆ. ಆ ಎತ್ತರದ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಲೇಬೇಕು. ಸ್ವಲ್ಪ ಇಂಜಿನ್ ತಡೆಯುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗಿ ಏಳುತ್ತದೆ. ಎರಡು ಟನ್ನಿನ ಗಾಡಿಯಾದರೆ ಆ ಬಿಸಿ ಎರಡರಷ್ಟು. ಇಳಿದ ಮೇಲೆ ಸೋಮೇಶ್ವರದ ಹತ್ತಿರ ಗಾಡಿ ನಿಲ್ಲಿಸಿ ಚಕ್ರದ ಬಳಿ ಕೈ ಹಿಡಿದು ನೋಡಿ, ಸುಟ್ಟ ವಾಸನೆಯಿಂದಲೇ ಗೊತ್ತಾಗುತ್ತದೆ. ಸೆಕೆಂಡ್ ಗೇರಿನಲ್ಲಿ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಎಲ್ಲ ಗಾಡಿಗೂ ಸರಿ. ಹಗುರ ಗಾಡಿಗೆ ಆ ಮಾತು ಇನ್ನಷ್ಟು ಸುಲಭವಾಗಿ ನಡೆಯುತ್ತದೆ.

ಇನ್ನು ಏರು. ಇಲ್ಲಿ ಅಭಿಮಾನಿಗಳೂ ಊರಿನವರೂ ಒಟ್ಟಿಗೆ ತಪ್ಪಿದ್ದಾರೆ ಎಂದು ನನ್ನ ಅನಿಸಿಕೆ. ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುತ್ತಿದ್ದೀರಿ. ಮುಂದೆ ಲೋಡು ತುಂಬಿದ ಲಾರಿ, ಗಂಟೆಗೆ 15. ಒಂದು ತುಂಡು ನೇರ ದಾರಿ ಸಿಕ್ಕಿತು, ಎದುರು ಏನೂ ಇಲ್ಲ. ಈಗ ಬೇಕಾದದ್ದು ಇಂಜಿನ್ ಆರು ಸಾವಿರ ಸುತ್ತು ತಿರುಗಿದಾಗ ಸಿಗುವ ಕುದುರೆಶಕ್ತಿಯಲ್ಲ. ಎರಡು ಸಾವಿರದ ಆಸುಪಾಸಿನಲ್ಲಿ, ಸೆಕೆಂಡ್ ಗೇರಿನಲ್ಲಿ, ಕಾಲಿಟ್ಟ ಕೂಡಲೇ ಬರುವ ಎಳೆತ. ನಮ್ಮವರು ಪಿಕಪ್ ಅನ್ನುವುದು ಇದನ್ನೇ. 1.2 ಲೀಟರಿನ ಸಾಮಾನ್ಯ ಪೆಟ್ರೋಲ್ ಸ್ವಿಫ್ಟ್ ತನ್ನ ಪೂರ್ತಿ ಎಳೆತವಾದ 113 ನ್ಯೂಟನ್ ಮೀಟರ್ ಕೊಡುತ್ತಿದ್ದದ್ದು 4,200 ಸುತ್ತಿನಲ್ಲಿ. ಅದಕ್ಕೇ ಘಾಟಿಯಲ್ಲಿ ಅದನ್ನು ಕೂಗಿಸಬೇಕಾಗುತ್ತದೆ. 2007ರಲ್ಲಿ ಬಂದ 1.3 ಡೀಸೆಲ್ 190 ಕೊಡುತ್ತಿತ್ತು, 2,000 ಸುತ್ತಿನಲ್ಲಿ. ಆದರೆ ಅದಕ್ಕಿಂತ ಕೆಳಗೆ ಇಳಿದರೆ ಟರ್ಬೊ ಎದ್ದು ಬರುವವರೆಗೆ ಕಾಯಬೇಕಿತ್ತು. ಬಿಗಿ ತಿರುವಿನ ನಡುವೆ ಹಾಫ್ ಕ್ಲಚ್ಚಿನಲ್ಲಿ ಒದ್ದಾಡಿದವರಿಗೆ ಇದು ಗೊತ್ತು. 2013ರಲ್ಲಿ ಬಂದ ಪೋಲೊ ಜಿಟಿಯ 1.2 ಟರ್ಬೊ ಪೆಟ್ರೋಲ್ ಇಂಜಿನ್ 175 ನ್ಯೂಟನ್ ಮೀಟರನ್ನು 1,500ರಿಂದ 4,100 ಸುತ್ತಿನವರೆಗೆ ಒಂದೇ ಸಮ ಕೊಡುತ್ತಿತ್ತು. 2021ರ ಐ20 ಎನ್ ಲೈನ್‌ನ ಒಂದು ಲೀಟರ್ ಇಂಜಿನ್ 172ನ್ನು 1,500ರಿಂದ 4,000ದವರೆಗೆ. ಜಾಹೀರಾತಿನವರು ಇವನ್ನು ರೇಸ್ ಟ್ರ್ಯಾಕಿನ ಕಾರು ಎಂದು ತೋರಿಸಿದರು. ನನಗೆ ಇವು ಘಾಟಿಯ ಇಂಜಿನ್ನುಗಳು.

ತೂಕವೂ ಇಲ್ಲೇ ಲೆಕ್ಕಕ್ಕೆ ಬರುತ್ತದೆ. ಹನ್ನೆರಡಡಿಗೆ ಒಂದಡಿ ಏರುವ ರಸ್ತೆಯಲ್ಲಿ ಒಂದು ಟನ್ ಗಾಡಿಯನ್ನು ಭೂಮಿ ಹಿಂದಕ್ಕೆ ಎಳೆಯುವ ಬಲ ಸುಮಾರು 83 ಕೆ.ಜಿ.ಯಷ್ಟು, ಅಂದರೆ ಒಂದು ಅಡಿಕೆ ಮೂಟೆಗಿಂತ ತುಸು ಹೆಚ್ಚು. ಎರಡು ಟನ್ನಿನದಕ್ಕೆ ಎರಡು ಮೂಟೆ. ಲಾರಿ ದಾಟುವ ಆರೇಳು ಸೆಕೆಂಡಿನಲ್ಲಿ ಆ ಮೂಟೆಯನ್ನು ಸುಮ್ಮನೆ ಏಕೆ ಹೊರಬೇಕು?

ನಾವು ಗೌರವಿಸುವ ಜಿಪ್ಸಿಯ ಕಥೆಯನ್ನೇ ನೋಡಿ. ಮಾರುತಿ ಅದನ್ನು 1985ರಲ್ಲಿ ತಂದಾಗ ಇಂಜಿನ್ ಬರೀ 970 ಸಿ.ಸಿ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳ ರ‍್ಯಾಲಿಗಳಲ್ಲಿ, ಕೆ–1000 ರ‍್ಯಾಲಿಯಲ್ಲಿ, ದೇಶದ ಕೆಸರು ಧೂಳಿನಲ್ಲೆಲ್ಲ ಅದು ದಶಕಗಟ್ಟಲೆ ಓಡಿತು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತಿತ್ತು, ನಿಜ. ಆದರೆ ಅದರ ತೂಕ ಒಂದು ಟನ್ನಿನ ಆಸುಪಾಸು ಎನ್ನುವುದನ್ನು ಮರೆತು ಎತ್ತರವನ್ನು ಮಾತ್ರ ನೆನಪಿಟ್ಟುಕೊಂಡೆವು. ಇನ್ನೂ ಹಿಂದಕ್ಕೆ ಹೋದರೆ ಬ್ರಿಟನ್ನಿನ ಮಿನಿ ಇದೆ. ಅಲೆಕ್ ಇಸಿಗೊನಿಸ್ 1959ರಲ್ಲಿ ಮಾಡಿದ್ದು ಹತ್ತು ಇಂಚಿನ ಚಕ್ರದ ಮನೆಮಂದಿಯ ಕಾರು. ಅದನ್ನೇ ಜಾನ್ ಕೂಪರ್ ಬಿಗಿ ಮಾಡಿ ಕೊಟ್ಟ ಮೇಲೆ 1964, 1965, 1967ರಲ್ಲಿ ಆಲ್ಪ್ಸ್ ಬೆಟ್ಟದ ಹಿಮದ ತಿರುವುಗಳಲ್ಲಿ ನಡೆಯುವ ಮಾಂಟೆ ಕಾರ್ಲೊ ರ‍್ಯಾಲಿಯನ್ನು ದೊಡ್ಡ ಇಂಜಿನ್ನಿನ ಗಾಡಿಗಳ ಎದುರು ಗೆದ್ದಿತು. ನೇರ ದಾರಿಯಲ್ಲಿ ಅದು ಸೋಲುತ್ತಿತ್ತು. ಬೆಟ್ಟದಲ್ಲಿ ನೇರ ದಾರಿ ಎಷ್ಟಿರುತ್ತದೆ?

ಇನ್ನು ಭಾವ ಆಮೇಲೆ ಎತ್ತಿದ ಪ್ರಶ್ನೆಗಳು. ಅವನ್ನು ತಳ್ಳಿಹಾಕುವ ಹಾಗಿಲ್ಲ.

ನೆಲದಿಂದ ಎತ್ತರ ಮೊದಲನೆಯದು. ಈಚಿನ ಸ್ವಿಫ್ಟ್‌ನದು 163 ಮಿ.ಮೀ., ಬೊಲೆರೊದು 180. ಕಾಗದದಲ್ಲಿ ಒಂದು ಬೆರಳಿನ ದಪ್ಪದಷ್ಟೇ ಅಂತರ. ಆದರೆ ಕಾಗದ ಪೂರ್ತಿ ಹೇಳುವುದಿಲ್ಲ. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಸಣ್ಣ ಕಾರು ಇನ್ನೂ ಕುಸಿಯುತ್ತದೆ, ಮುಂದಿನ ಬಂಪರ್ ತಗ್ಗಿನಲ್ಲಿರುತ್ತದೆ. ಐದು ವರ್ಷದ ಹಿಂದೆ ಭಾವನ ಮನೆಯ ದಣಪೆ ದಾಟಿ ಒಳಗೆ ಹೋಗುವಾಗ, ಮಳೆ ಮಣ್ಣು ಕೊಚ್ಚಿಕೊಂಡು ಹೋಗಿ ಮೇಲೆದ್ದಿದ್ದ ಒಂದು ಕಲ್ಲಿಗೆ ತಾಗಿ ನನ್ನ ಕಾರಿನ ಚೇಂಬರ್ ಒಡೆಯಿತು. ಆಯಿಲೆಲ್ಲ ಕೆಸರಿನಲ್ಲಿ ಬಣ್ಣ ಬಣ್ಣವಾಗಿ ಹರಿದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಗಾಡಿಯನ್ನು ಶಿವಮೊಗ್ಗಕ್ಕೆ ಎಳೆದೊಯ್ದು, ಭಾಗ ಬರುವವರೆಗೆ ಹದಿನೆಂಟು ದಿನ ಕಾದೆ. ಆ ಹದಿನೆಂಟು ದಿನ ನಾನು ಓಡಾಡಿದ್ದು ಭಾವನ ಜೀಪಿನಲ್ಲಿ. ಈ ಘಟನೆ ನನ್ನ ವಾದಕ್ಕೆ ವಿರುದ್ಧ ನಿಲ್ಲುತ್ತದೆ, ನಿಲ್ಲಲಿ. ಆಮೇಲೆ ಚೇಂಬರಿನ ಕೆಳಗೆ ಕಬ್ಬಿಣದ ಗಾರ್ಡ್ ಹಾಕಿಸಿದೆ. ಕಂಪನಿ ಕೊಟ್ಟಿದ್ದ ದೊಡ್ಡ ಅಲಾಯ್ ಚಕ್ರ, ತೆಳು ಅಂಚಿನ ಟಯರು ತೆಗೆಸಿ, ಕಂಪನಿ ಕಡಿಮೆ ದರ್ಜೆಯ ಮಾದರಿಗೆ ಕೊಡುತ್ತಿದ್ದ ಒಂದಿಂಚು ಸಣ್ಣ ಚಕ್ರಕ್ಕೆ ದಪ್ಪ ಅಂಚಿನ ಟಯರು ಹಾಕಿದೆ. ಜಲ್ಲಿ ಎದ್ದ ಹೊಂಡದಲ್ಲಿ ತೆಳು ಟಯರಿನ ಪಕ್ಕ ಸೀಳುವುದು, ಚಕ್ರದ ಅಂಚು ಬಾಗುವುದು ನಮ್ಮಲ್ಲಿ ಎಲ್ಲ ಗ್ಯಾರೇಜಿನವರೂ ಬಲ್ಲ ಕಾಯಿಲೆ. ಜಗತ್ತಿನ ದೊಡ್ಡ ರ‍್ಯಾಲಿಗಳಲ್ಲೂ ಕಲ್ಲುಮಣ್ಣಿನ ರಸ್ತೆಗೆ 15 ಇಂಚಿನ ಚಕ್ರ, ಟಾರಿಗೆ 18 ಇಂಚಿನದು ಹಾಕುತ್ತಾರೆ. ನಮ್ಮ ಷೋರೂಮಿನಲ್ಲಿ ಮಾತ್ರ ಸ್ಪೋರ್ಟಿ ಅಂದ ಕೂಡಲೇ ಚಕ್ರ ದೊಡ್ಡದಾಗುತ್ತದೆ, ಟಯರು ತೆಳುವಾಗುತ್ತದೆ. ಆ ಅಲಂಕಾರವೇ ಈ ಕಾರುಗಳಿಗೆ ಮಲೆನಾಡಿನಲ್ಲಿ ಕೆಟ್ಟ ಹೆಸರು ತಂದದ್ದು ಎಂದು ನನ್ನ ದೂರು.

ಎರಡನೆಯದು ಅಮ್ಮ. ಮಂಡಿ ನೋವಿನವರಿಗೆ ತಗ್ಗು ಸೀಟಿನಿಂದ ಏಳುವುದು ಕಷ್ಟ, ಎತ್ತರದ ಗಾಡಿಗೆ ಹತ್ತುವುದೂ ಕಷ್ಟ. ಜೀಪಿಗೆ ಹತ್ತಲು ಅವರಿಗೆ ಮಣೆ ಇಡಬೇಕಿತ್ತು. ನನ್ನ ಕಾರಿನಿಂದ ಏಳುವಾಗ ಎರಡೂ ಕೈ ಹಿಡಿಯಬೇಕು. ಈ ವಿಷಯದಲ್ಲಿ ಗೆಲುವು ಎರಡೂ ಅಲ್ಲದ, ನಡು ಎತ್ತರದ ಸೀಟಿನ ಗಾಡಿಗೆ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನ ಮಾತಂತೂ ಬೇಡ. 2016ರಲ್ಲಿ 192 ಕುದುರೆಶಕ್ತಿಯ ಪೋಲೊ ಜಿಟಿಐ ಎರಡು ಬಾಗಿಲಿನಲ್ಲಿ, 25 ಲಕ್ಷ ದಾಟಿದ ಬೆಲೆಗೆ ಬಂತು. ಹಿಂದಿನ ಸೀಟಿಗೆ ಅಮ್ಮನನ್ನು ನುಗ್ಗಿಸಬೇಕಾದ ಗಾಡಿಯನ್ನು ನಾನು ಎಷ್ಟೇ ಮೆಚ್ಚಿದರೂ ಯಾರಿಗೂ ಹೇಳಲಾರೆ.

ಮೂರನೆಯದು, ಟಾರು ಮುಗಿದ ಮೇಲೂ ಎರಡು ಮೂರು ಮೈಲಿ ಮಣ್ಣು ರಸ್ತೆಯಲ್ಲಿ, ಹಳ್ಳದೊಳಗೆ ಇಳಿದು ಹತ್ತಬೇಕಾದ ಮನೆಗಳು. ಹಿನ್ನೀರಿನ ಅಂಚಿಗೆ ಅಂಥವು ಇನ್ನೂ ಎಷ್ಟೋ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ, ಇದ್ದ ರಸ್ತೆಗಳು ಮುಳುಗಿ, ಉಳಿದವರು ಎತ್ತರಕ್ಕೆ ಸರಿದು ಕಟ್ಟಿಕೊಂಡ ಮನೆಗಳು. ಅವರಿಗೆ ನಾಲ್ಕು ಚಕ್ರದ ಎಳೆತದ ಜೀಪೇ ಬೇಕು, ಅಲ್ಲಿ ನನ್ನ ಮಾತು ಸಲ್ಲದು. ಆದರೆ ಊರ ಬುಡದವರೆಗೂ ಟಾರು ಬಂದಿರುವ, ವಾರಕ್ಕೆ ಆರು ದಿನ ಸಾಗರ ಪೇಟೆಗೋ ತೀರ್ಥಹಳ್ಳಿ ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಓಡಾಡುವ ಮನೆಯವರೂ ಆ ಮೂರು ಮೈಲಿಯ ಕಷ್ಟವನ್ನು ನೆನೆದೇ ಗಾಡಿ ಕೊಳ್ಳುತ್ತಾರೆ. ಕೊಂಡದ್ದರಲ್ಲಿ ಬಹಳಷ್ಟು ಎತ್ತರದ ಗಾಡಿಗಳಿಗೆ ನಾಲ್ಕು ಚಕ್ರದ ಎಳೆತವೂ ಇರುವುದಿಲ್ಲ. ಎತ್ತರ ಇದೆ, ತೂಕ ಇದೆ, ಕೆಸರಿನಲ್ಲಿ ತಿರುಗುವುದು ಎರಡೇ ಚಕ್ರ.

‘ಅಷ್ಟು ಒಳ್ಳೆಯದಾದರೆ ಯಾರೂ ಯಾಕೆ ಕೊಳ್ಳಲಿಲ್ಲ, ಕಂಪನಿಯವರೇ ನಿಲ್ಲಿಸಿದರಲ್ಲ’ ಎಂದು ಭಾವ ಕೇಳಿದ್ದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಒಳಗಿನ, ಪೆಟ್ರೋಲ್ ಆದರೆ 1,200 ಸಿ.ಸಿ. ಮೀರದ ಕಾರಿಗೆ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಆ ಗೆರೆಯೊಳಗೆ ಶಕ್ತಿ ತುಂಬಬೇಕಾದರೆ ಟರ್ಬೊ ಒಂದೇ ದಾರಿಯಾಯಿತು. 2017ರ ಬಲೆನೊ ಆರ್‌ಎಸ್, ಟಾಟಾ ಮತ್ತು ಕೊಯಮತ್ತೂರಿನ ಜಯೆಮ್ ಸೇರಿ 2018ರಲ್ಲಿ ತಂದ ಟಿಯಾಗೊ ಜೆಟಿಪಿ, ಪೋಲೊ ಜಿಟಿ ಎಲ್ಲ ಬಂದದ್ದು ಹಾಗೆ. 2020ರ ಏಪ್ರಿಲ್‌ನಿಂದ ಬಿಎಸ್–6 ಹೊಗೆ ನಿಯಮ ಬಂತು. ಕಡಿಮೆ ಮಾರಾಟದ ಇಂಜಿನ್ನನ್ನು ಹೊಸ ನಿಯಮಕ್ಕೆ ಹೊಂದಿಸುವ ಖರ್ಚು ಗಿಟ್ಟಲಿಲ್ಲ. ಬಲೆನೊ ಆರ್‌ಎಸ್ ಹೋಯಿತು, ಜೆಟಿಪಿ ಹೋಯಿತು, 2022ರಲ್ಲಿ ಪೋಲೊ ಕೂಡ ಹೋಯಿತು. ಜನ ಅದೇ ದುಡ್ಡಿಗೆ ಎತ್ತರದ ಗಾಡಿ ಕೊಂಡರು. ಹಾಗಂತ ಜನ ತೂಗಿ ನೋಡಿ ಬೇಡವೆಂದರು ಎನ್ನಲು ನನಗೆ ಮನಸ್ಸಿಲ್ಲ. ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿ ಕೊಳ್ಳುವುದು ಪರೀಕ್ಷೆಯೇ ಅಲ್ಲ. ಅಲ್ಲಿ ಎತ್ತರ ಕಾಣಿಸುತ್ತದೆ, ಎಳೆತ ಕಾಣಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಭಾವ ಮತ್ತೆ ಯೋಚಿಸಲು ಅದೊಂದು ಕಾರಣ ಸಾಕು.

ಮೊನ್ನೆ ಮತ್ತೆ ಅವರ ಮನೆಗೆ ಹೋಗಿದ್ದೆ. ಜೀಪು ಇನ್ನೂ ಕೊಟ್ಟಿಗೆಯ ಪಕ್ಕದಲ್ಲೇ ಇದೆ. ಒಮ್ಮೆ ನೀವೇ ಓಡಿಸಿ ನೋಡಿ ಭಾವ, ನಗರದವರೆಗೆ ಹೋಗಿ ಬರೋಣ, ಎಂದು ಕೀಲಿ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ಒಣ ರಸ್ತೆಯಲ್ಲಿ ಯಾವ ಗಾಡಿಯೂ ಚೆನ್ನಾಗಿಯೇ ಓಡುತ್ತದೆ ಎಂದರು. ‘ಪುನರ್ವಸು ಮಳೆ ಹಿಡಿಯಲಿ. ಆಗ ತಗೊಂಡು ಬಾ. ನಾನೇ ಹುಲಿಕಲ್ ಇಳಿಸಿ ಹತ್ತಿಸಿ ನೋಡ್ತೆ.’

ಪುನರ್ವಸು ಹುಟ್ಟುವುದು ಜುಲೈ ಮೊದಲ ವಾರದಲ್ಲಿ. ಅಷ್ಟರೊಳಗೆ ಹಿಂದಿನ ಎರಡು ಟಯರು ಬದಲಿಸಬೇಕು, ಅವುಗಳ ಗೆರೆ ಸವೆದಿದೆ.